ಗಂಗಾಧರಯ್ಯನವರ ಮೂಗು

ಓಮದ ಪುಡಿಯನ್ನು ಸುಡದೆ ಬಿಸಿಮಾಡಿ ಆವಿ ಕೊಡುವ ಪುಟ್ಟ ಯಂತ್ರ ಅದು. ಶೀತವಾದವರು ಮೂಗಿನ ಬಳಿ ಹಿಡಿದು ಆವಿ ಎಳೆದುಕೊಳ್ಳಬೇಕು. ಬಿಸಿ ಎಲ್ಲ ಕಡೆ ಒಂದೇ ಸಮ ಹರಡದಿದ್ದರೆ ಪುಡಿ ಒಂದು ಮೂಲೆಯಲ್ಲಿ ಕರಕಲಾಗಿ, ಆವಿಯ ಜೊತೆ ವಿಷದ ಹೊಗೆಯೂ ಎದೆಗೆ ಇಳಿಯುತ್ತದೆ. ಅದನ್ನು ಪತ್ತೆಹಚ್ಚಲು ಕಾರ್ಖಾನೆ ನಂಬಿದ್ದು ಗಂಗಾಧರಯ್ಯನವರ ಮೂಗನ್ನು. ಬೇರೆ ವಾಸನೆ ತಾಕಬಾರದೆಂದು ಅವರು ತಲೆಗೆ ಎಣ್ಣೆ ಹಚ್ಚದೆ, ಕಾಫಿ ಮುಟ್ಟದೆ ಕೆಲಸಕ್ಕೆ ಬರುತ್ತಿದ್ದರು. ಅವರು ಒಪ್ಪದೆ ಒಂದು ಯಂತ್ರವೂ ಗೇಟು ದಾಟುತ್ತಿರಲಿಲ್ಲ.

ತಾನು ಮಾಡಿದ ಹೊಸ ಮಾದರಿಯನ್ನು ವಸುಮತಿ ಅವರ ಮುಂದಿಟ್ಟಳು. ಇದನ್ನು ಅವರು ಒಪ್ಪದಿದ್ದರೆ ಅವಳ ಕೆಲಸ ಹೋದಂತೆಯೇ. ಅಷ್ಟರಲ್ಲಿ ಮನೆಯಿಂದ ಅಮ್ಮನ ಫೋನು ಬಂತು.

"ಪಾಪುಗೆ ಮೂಗು ಕಟ್ಟಿದೆ ಕಣೇ. ಹೋದ ವಾರ ನೀನು ತಂದ ಯಂತ್ರದಲ್ಲಿ ಆವಿ ಕೊಡ್ಲಾ?"

"ಕೊಡಮ್ಮ, ಏನೂ ಭಯ ಇಲ್ಲ. ಗಂಗಾಧರಯ್ಯನವರೇ ನೋಡಿ ಒಪ್ಪಿರೋ ಮಾಲು."

ಗಂಗಾಧರಯ್ಯ ಗುಂಡಿ ಒತ್ತಿ, ಕಣ್ಣು ಮುಚ್ಚಿ ದೀರ್ಘವಾಗಿ ಎಳೆದುಕೊಂಡರು. ಮೇಜಿನಾಚೆ ನಿಂತಿದ್ದ ವಸುಮತಿಗೆ ಸೀದ ವಾಸನೆ ಗಪ್ಪನೆ ಬಡಿಯಿತು. ಪಕ್ಕದಲ್ಲಿದ್ದ ಮ್ಯಾನೇಜರ್ ಕೆಮ್ಮುತ್ತಾ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು. ಕೆಲಸ ಹೋಯಿತು ಎಂದುಕೊಂಡಳು.

"ಸರ್, ಇನ್ನೊಂದೇ ಒಂದು ಅವಕಾಶ ಕೊಡಿ ಸರ್..."

"ಯಾಕಮ್ಮ ಹೆದರ್ತೀಯ?" ಗಂಗಾಧರಯ್ಯ ಇನ್ನೊಮ್ಮೆ ಆಳವಾಗಿ ಎಳೆದುಕೊಂಡು ನಕ್ಕರು. "ಒಂಚೂರೂ ಸೀದಿಲ್ಲ. ಹೋದ ವಾರದ ಮಾಲೂ ಥೇಟ್ ಹೀಗೇ ಇತ್ತು."