ಹೆಪ್ಪಾಗದ ಹಾಲು

ಮರಿಯವ್ವ ಗಡಿಗೆಯ ಮುಚ್ಚಳ ತೆಗೆದು ನೋಡಿದಳು. ಗಡಿಗೆಯನ್ನು ವಾಲಿಸಿ ಮತ್ತೆ ನೋಡಿದಳು. ಸಂಜೆ ಹೆಪ್ಪು ಹಾಕಿದ್ದ ಹಾಲು ಹಾಲಾಗಿಯೇ ತುಳುಕಿತು. ನಿನ್ನೆ ಬೆಳಿಗ್ಗೆಯೂ ಇದೇ ಹಾಡು. ಹೊಂಬಳದಿಂದ ಬೆಟಗೇರಿಗೆ ಮೂವತ್ತು ವರ್ಷ ಮೊಸರು ಹೊತ್ತವಳಿಗೆ ಇಂಥ ಮುಖಭಂಗ ಎಂದೂ ಆಗಿರಲಿಲ್ಲ.

ಕಟ್ಟೆಯ ಮೇಲಿದ್ದ ಗಂಡ ಸಕ್ರಪ್ಪ ಕರಿ ಚಹಾದ ಲೋಟ ಹಿಡಿದೇ ಎದ್ದ, ಎಮ್ಮೆಯ ತನಕ ಹೋದ, ತಿರುಗಿ ಬಂದು ಕೂತ. ಎದೆ ಉರಿಯುತ್ತದೆ, ಚಹಾಕ್ಕೆ ಹಾಲು ಬೇಡ ಎಂದು ಮೊನ್ನೆಯಿಂದ ಹೇಳುತ್ತಿದ್ದ. ಉರಿಯುತ್ತಿದ್ದದ್ದೇನೋ ನಿಜ, ಆದರೆ ಕಾರಣ ಬೇರೆ.

ಮರಿಯವ್ವ ಮೊದಲು ಗಡಿಗೆಯನ್ನು ಬೈದಳು, ಆಮೇಲೆ ಹೆಪ್ಪನ್ನು. ಪಕ್ಕದ ಮನೆಯ ಅಫ್ರೀನಳಿಂದ ಬೇರೆ ಹೆಪ್ಪು ತಂದು ಹಾಕಿದರೂ ಹೀಗೇ ಆಯಿತಲ್ಲ, ತನ್ನ ಕೈಗುಣವೇ ಹೋಯಿತು ಎಂದು ಕಣ್ಣೊರೆಸಿಕೊಂಡಳು. ಸಕ್ರಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ.

ಮೊನ್ನೆ ಅವಳು ಬೆಟಗೇರಿಗೆ ಹೋಗಿದ್ದಾಗ ದನದ ಡಾಕ್ಟರು ಬಂದು ಎಮ್ಮೆಯ ಕಾಲಿನ ಕೀವುಗಾಯಕ್ಕೆ ಇಂಜೆಕ್ಷನ್ ಕೊಟ್ಟು, ತಾವು ಹೇಳುವ ತನಕ ಹಾಲು ಚೆಲ್ಲಬೇಕು ಎಂದಿದ್ದರು. ಔಷಧ ಹಾಲಿಗೆ ಇಳಿಯುತ್ತದೆ. ಕೀವಿನ ಕ್ರಿಮಿಯನ್ನು ಕೊಲ್ಲುವಂಥದ್ದು ಹೆಪ್ಪಿನಲ್ಲಿರುವ ಜೀವಿಯನ್ನೂ ಬಿಡುವುದಿಲ್ಲ. ಚೂರುಚೂರೇ ಮನುಷ್ಯರ ಹೊಟ್ಟೆಗೆ ಹೋದರಂತೂ ರೋಗದ ಕ್ರಿಮಿಗಳು ಅದಕ್ಕೆ ಪಳಗಿಬಿಡುತ್ತವೆ, ನಾಳೆ ದೊಡ್ಡ ಜಡ್ಡು ಬಂದರೆ ಔಷಧಕ್ಕೆ ಜಗ್ಗುವುದಿಲ್ಲ ಎಂದೂ ಬಿಡಿಸಿ ಹೇಳಿದ್ದರು. ಸಕ್ರಪ್ಪ ಹೂಂಗುಟ್ಟಿದ್ದ. ಆದರೆ ನೊರೆಹಾಲನ್ನು ತಿಪ್ಪೆಗೆ ಸುರಿಯಲು ಅವನಿಗೆ ಕೈ ಬರಲಿಲ್ಲ. ಹೆಂಡತಿಗೆ ಹೇಳದೆ ತಂದು ಒಲೆಯ ಮುಂದಿಟ್ಟಿದ್ದ.

ಈಗ ಮರಿಯವ್ವ ಆಗತಾನೆ ಕರೆದ ಹಾಲಿನ ತಂಬಿಗೆ ಎತ್ತಿಕೊಂಡಳು.

"ಮೊಸರಂತೂ ಆಗವಲ್ದು. ಈ ಹಾಲರ ಅಫ್ರೀನನ ಕೂಸಿಗೆ ಮುಟ್ಟಲಿ. ಜ್ವರದಾಗಿಂದ ಎದ್ದೈತಿ, ದಿನಾ ನನ್ನ ದಾರಿ ಕಾಯತೈತಿ."

"ನಿಂದ್ರು," ಎಂದ ಸಕ್ರಪ್ಪ. "ಆ ಹಾಲು ಒಯ್ಯಬ್ಯಾಡ."

ನೆಲ ನೋಡುತ್ತ ಎಲ್ಲವನ್ನೂ ಹೇಳಿದ. ತನ್ನ ಕೈಗುಣ ಕೆಟ್ಟಿಲ್ಲವೆಂಬ ಸಮಾಧಾನ ಮರಿಯವ್ವನ ಮುಖದಲ್ಲಿ ಮೂಡಿತು. ಮೂಡಿದಷ್ಟೇ ಬೇಗ ಆರಿತು.

"ಮೊನ್ನಿ ಸಂಜಿಗೂ ಕೊಟ್ಟು ಬಂದೇನಿ, ನಿನ್ನಿನೂ ಕೊಟ್ಟೇನಿ. ಕೂಸು ಕುಡದೈತಿ."

ಅವಳ ಕಣ್ಣು ಅವನ ಲೋಟದ ಮೇಲೆ ಬಿತ್ತು.

"ಎದಿ ಉರೀತೈತಿ ಅಂದದ್ದು ಇದಕ್ಕನ್ರಿ?"

ಸಕ್ರಪ್ಪ ಲೋಟವನ್ನು ಬದಿಗೆ ಸರಿಸಲು ನೋಡಿದ. ಮರಿಯವ್ವ ಬಿಡಲಿಲ್ಲ. ತಂಬಿಗೆ ಬಗ್ಗಿಸಿ, ಕರಿ ಚಹಾ ಬೆಳ್ಳಗಾಗಿ ಕಟ್ಟೆಯ ಮೇಲೆ ಹರಿಯುವ ತನಕ ಹಾಲು ಸುರಿದಳು.

"ಕುಡೀರಿ," ಎಂದಳು. "ನಾ ಅಫ್ರೀನಗ ಹೇಳಿ ಬರತೀನಿ."