ಇಪ್ಪತ್ತು ವರ್ಷದ ಅಭ್ಯಾಸ

ಇನ್ನು ಹನ್ನೆರಡೇ ನಿಮಿಷ. ತನ್ನಿಂದ ಆದೀತೇ? ಗುಮಾಸ್ತ ತಿಪ್ಪೇಸ್ವಾಮಿಗೆ ಅನುಮಾನವಿತ್ತು. ಒಂಬತ್ತು ಮಕ್ಕಳ ಹಟ್ಟಿಶಾಲೆಯನ್ನು ಮುಚ್ಚುವ ಪಟ್ಟಿಗೆ ಸೇರಿಸಬೇಕಿತ್ತು. ಸುತ್ತ ನಾಲ್ಕು ಮೈಲಿಗೆ ಇದ್ದದ್ದು ಅದೊಂದೇ ಶಾಲೆ. ಐದು ಗಂಟೆಗೆ ಪೋರ್ಟಲ್ ಮುಚ್ಚಿದರೆ ಮತ್ತೆ ತೆರೆಯುವುದು ಮುಂದಿನ ವರ್ಷವೇ.

ಹಳೆಯ ಕಂಪ್ಯೂಟರಿನ ರೂಢಿಯಂತೆ ಅವನು ಪ್ರತಿ ಪದಕ್ಕೂ ಸೇವ್ ಮಾಡಿದ, ರಿಫ್ರೆಶ್ ಒತ್ತಿದ, ಕೈಕಟ್ಟಿ ಕಾದ.

ಹೋದ ವಾರವಷ್ಟೇ ವರ್ಗವಾಗಿ ಬಂದಿದ್ದ ಅಧಿಕಾರಿ ಬೆನ್ನ ಹಿಂದೆ ಚಡಪಡಿಸಿದರು. "ಹೊಸ ಸಿಸ್ಟಮ್ಮು ತಾನೇ ಸೇವ್ ಮಾಡ್ಕೊಳ್ಳುತ್ತೆ ಕಣ್ರೀ!"

"ನಂಬಿಕೆ ಇಲ್ಲ ಸಾರ್. ಕೈ ಕೇಳಲ್ಲ."

"ಅದೆಷ್ಟು ಸಲ ರಿಫ್ರೆಶ್ ಮಾಡ್ತೀರಿ? ಅದೇನು ಬೀಸೋ ಕಲ್ಲಾ?"

"ಇಪ್ಪತ್ತು ವರ್ಷದ ಅಭ್ಯಾಸ. ಅವಸರ ಇದ್ರೆ ನೀವೇ ಕೂತ್ಕೊಳ್ಳಿ ಸಾರ್."

"ನಂಗೆ ಬಂದಿದ್ರೆ ನಿಮ್ಮನ್ನ ಯಾಕ್ರೀ ಬೇಡ್ಕೋತಿದ್ದೆ?"

ತಿಪ್ಪೇಸ್ವಾಮಿ ಮತ್ತೊಮ್ಮೆ ರಿಫ್ರೆಶ್ ಒತ್ತಿದ. ಐದು ಗಂಟೆಯಾಯಿತು. ಅವಧಿ ಮುಗಿದಿದೆ ಎಂದು ಪರದೆ ತೋರಿಸಿತು.

"ಒಂದು ಶಾಲೆ ಹೆಸರು ಹಾಕಕ್ಕೆ ಬರಲ್ವಲ್ರೀ ನಿಮಗೆ! ಯಾರ ಹತ್ರನಾದ್ರೂ ಹೋಗಿ ಕಲ್ತುಕೊಳ್ಳಿ."

"ಆಗಲಿ ಸಾರ್" ಎಂದು ಅವನು ಎದ್ದ.

ಈ ಹೊಸ ವ್ಯವಸ್ಥೆಯನ್ನು ಜಿಲ್ಲೆಯ ಗುಮಾಸ್ತರಿಗೆಲ್ಲ ಕಲಿಸಿಕೊಟ್ಟವನು ತಾನೇ ಎಂದು ಅವನು ಹೇಳಲೇ ಇಲ್ಲ.