ಅರ್ಧ ಲೋಟ

"ಬಿಪಿ ಇಷ್ಟೊಂದು ಇಳಿದುಹೋಗಿದೆಯಲ್ಲಮ್ಮ! ದಿನಕ್ಕೆ ಎಷ್ಟು ನೀರು ಕೊಡ್ತಿದ್ದೀರಿ?" ಅತ್ತೆಯ ತೋಳಿಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತ ಡಾಕ್ಟರು ಕೇಳಿದರು.

ಸೊಸೆ ಪಂಕಜಳ ಬಾಯಿ ಒಣಗಿತು. ಮೇಲೇಳಲಾಗದ ಅತ್ತೆ ಹಾಸಿಗೆ ಒದ್ದೆ ಮಾಡಿಕೊಂಡರೆ ಒಗೆಯುವವರ್ಯಾರು ಎಂದು, ಅವರು ಎಷ್ಟು ಗೋಗರೆದರೂ ಅವಳು ಕೊಡುತ್ತಿದ್ದುದು ಊಟದ ಜೊತೆ ಅರ್ಧ ಲೋಟ ಮಾತ್ರ.

"ಅವಳು ಬೇಕಾದಷ್ಟು ಕೊಡ್ತಾಳೆ ಡಾಕ್ಟ್ರೇ, ನಾನೇ ಬೇಡ ಅಂತೀನಿ," ಎಂದರು ಅತ್ತೆ.

ಡಾಕ್ಟರು ಹೊಸಿಲು ದಾಟಿದರೋ ಇಲ್ಲವೋ, ಪಂಕಜ ತುಂಬಿದ ಚೊಂಬು ಹಿಡಿದು ಓಡಿಬಂದಳು. ಅತ್ತೆಯ ತಲೆ ಎತ್ತಿ ಹಿಡಿದು ಕುಡಿಸುವ ಅವಸರದಲ್ಲಿ ಚೆಲ್ಲಿ, ದಿಂಬೆಲ್ಲ ನೀರಾಯಿತು.

"ಯಾಕತ್ತೆ ನನಗೋಸ್ಕರ ಸುಳ್ಳು ಹೇಳಿದ್ರಿ?"

ಅತ್ತೆ ಸೆರಗಿನಲ್ಲಿ ಬಾಯೊರೆಸಿಕೊಂಡರು.

"ನಮ್ಮತ್ತೆ ಹಾಸಿಗೆ ಹಿಡಿದಾಗ, ಅವರೂ ಡಾಕ್ಟ್ರ ಮುಂದೆ ನನ್ನ ಬಿಟ್ಟುಕೊಡ್ಲಿಲ್ಲ ಕಣೇ."